ಪೆಟ್ಟಿಗೆಯೊಳಗಿನ ಸದ್ದು

ಕನ್ನಡದಲ್ಲಿ ಅನುಕರಣಾವ್ಯಯಗಳಿಗೆ ಬರವಿಲ್ಲ. ಗಾಳಿ ಸುಯ್ಯೆನ್ನುತ್ತದೆ, ದುಂಬಿ ಗುಂಯ್‌ಗುಡುತ್ತದೆ, ಎಣ್ಣೆ ಕಾಣದ ಬಾಗಿಲು ಕಿರ್ರೆನ್ನುತ್ತದೆ. ಶಾಲೆಯ ವ್ಯಾಕರಣ ಪಾಠದಲ್ಲಿ ಕಲಿತು ಮರೆತ ಈ ಪದಗಳು ಮೇಜಿನ ಕಂಪ್ಯೂಟರಿನ ರೋಗಪರೀಕ್ಷೆಗೆ ಒದಗುತ್ತವೆಂದರೆ ಅನೇಕರಿಗೆ ಅಚ್ಚರಿಯಾದೀತು. “ಏನೋ ಸದ್ದು ಬರುತ್ತಿದೆ” ಎಂದಷ್ಟೇ ರಿಪೇರಿಯವರಿಗೆ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಯಾವ ಬಗೆಯ ಸದ್ದು, ಯಾವ ಹೊತ್ತಿನಲ್ಲಿ, ಎಷ್ಟು ಅಂತರ ಬಿಟ್ಟು ಎಂದು ಹೇಳಬಲ್ಲವರು ಅರ್ಧ ರೋಗನಿದಾನವನ್ನು ತಾವೇ ಮುಗಿಸಿರುತ್ತಾರೆ.

ಜನರು ವಾಡಿಕೆಯಲ್ಲಿ ಸಿ.ಪಿ.ಯು. ಎಂದು ಕರೆಯುವ ಆ ಪೆಟ್ಟಿಗೆಯಲ್ಲಿ ಚಲಿಸುವ ಭಾಗಗಳು ಕೆಲವೇ: ಫ್ಯಾನುಗಳು, ಹಳೆಯ ಪೆಟ್ಟಿಗೆಯಾದರೆ ಸಿ.ಡಿ. ಡ್ರೈವು, ಮತ್ತು ಹಾರ್ಡ್ ಡಿಸ್ಕು. ಮೊದಲ ಕೆಲಸವೆಂದರೆ ಸದ್ದು ಇವುಗಳಲ್ಲಿ ಯಾವುದರದೆಂದು ಗೊತ್ತುಮಾಡಿಕೊಳ್ಳುವುದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಬಡಿತವನ್ನು ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಅಂಥದೇ ಕಾಗದದ ಕೊಳವೆಯನ್ನು ಕಿವಿಗಿಟ್ಟು ಪೆಟ್ಟಿಗೆಯ ಹೊರಮೈಯುದ್ದಕ್ಕೂ ಸರಿಸಿದರೆ ಸದ್ದಿನ ನೆಲೆ ತಿಳಿಯುತ್ತದೆ. ಪಕ್ಕದ ತಗಡನ್ನು ಅಂಗೈಯಿಂದ ಒತ್ತಿದಾಗ ಗುಂಯ್‌ಕಾರ ಅಡಗಿದರೆ ತಪ್ಪು ಸಡಿಲವಾದ ತಿರುಪಿನದು. ಟರ್ರೆಂಬ ಸದ್ದು ಎಡೆಬಿಡದೆ ಬರುತ್ತಿದ್ದರೆ ಫ್ಯಾನಿನ ರೆಕ್ಕೆಗೆ ಯಾವುದೋ ತಂತಿ ತಗುಲುತ್ತಿರಬಹುದು. ಗೊರಗೊರ ಸದ್ದು ಸಿ.ಡಿ.ಯನ್ನು ಹೊರತೆಗೆದೊಡನೆ ನಿಂತರೆ ಆ ಸಿ.ಡಿ.ಯೇ ಓರೆಯಾಗಿ ಸುತ್ತುತ್ತಿದೆ ಎಂದರ್ಥ. ವೇಗದ ಡ್ರೈವುಗಳಲ್ಲಿ ಅದು ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ತಿರುಗುವುದರಿಂದ ಬಿರುಕು ಬಿಟ್ಟ ಸಿ.ಡಿ. ಒಳಗೇ ಚೂರುಚೂರಾಗುವ ಭಯವುಂಟು.

ಇವೆಲ್ಲ ಸಣ್ಣ ಬೇನೆಗಳು. ಹಾರ್ಡ್ ಡಿಸ್ಕಿನ ಮಾತು ಬೇರೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ನಿಮಿಷಕ್ಕೆ 1,200 ಬಾರಿ ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಇಂದು ಅಂಗೈಯಗಲದ ಡಿಸ್ಕು ಸಾಮಾನ್ಯವಾಗಿ 5,400 ಅಥವಾ 7,200 ಬಾರಿ ತಿರುಗುತ್ತದೆ. 7,200 ಎಂದರೆ ಕ್ಷಣಕ್ಕೆ, ಸರಿಯಾಗಿ ಹೇಳುವುದಾದರೆ ಸೆಕೆಂಡಿಗೆ, 120 ಸುತ್ತು. ಬರಹವನ್ನು ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ; ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತದೆ. ತಲೆಗೂದಲೊಂದರ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರು ಎಂಬುದನ್ನು ನೆನೆದರೆ ಈ ಅಂತರದ ಸೂಕ್ಷ್ಮತೆ ಮನವರಿಕೆಯಾದೀತು.

ಆರೋಗ್ಯವಾಗಿರುವ ಡಿಸ್ಕಿಗೂ ದನಿಯುಂಟು. ಚಾಲನೆಯಾದಾಗ ಮೆಲ್ಲನೆ ಏರುವ ಗುಂಯ್‌ಕಾರ, ಓದುಬರಹದ ಹೊತ್ತಿನಲ್ಲಿ ಕರಕರ, ಆರಿಸುವಾಗ ಒಂದೇ ಒಂದು ಟಿಕ್: ಇವಕ್ಕೆ ಹೆದರಬೇಕಾದುದಿಲ್ಲ. ಆದರೆ ಸಮಾನ ಅಂತರದಲ್ಲಿ ಟಿಕ್, ಟಿಕ್ ಎಂದು ಮರುಕಳಿಸುತ್ತ ಕಂಪ್ಯೂಟರು ಸ್ತಬ್ಧವಾಗಿ ನಿಂತರೆ, ಹೆಡ್ಡಿಗೆ ದಾರಿಯ ಗುರುತುಗಳು ಸಿಗದೆ ಅದರ ತೋಳು ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಹಿಂದಿರುಗುತ್ತಿದೆ ಎಂದು ತಿಳಿಯಬೇಕು. ವಿದ್ಯುತ್ತು ಸಾಲದಿದ್ದರೂ ಈ ಸದ್ದು ಬರುವುದುಂಟು. ಆದ್ದರಿಂದ ಪೆಟ್ಟಿಗೆಯನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಡಿಸ್ಕಿನ ಕೇಬಲು ಸಡಿಲವಾಗಿದೆಯೇ ಎಂದು ನೋಡುವುದು ಯುಕ್ತ. ತಟ್ಟೆ ತಿರುಗದೆ ಕುಂಯ್ ಎಂಬ ಕ್ಷೀಣಸ್ವರ ಮಾತ್ರ ಬಂದರೆ ಹೆಡ್ಡು ತಟ್ಟೆಗೆ ಅಂಟಿದೆ, ಇಲ್ಲವೇ ಮೋಟಾರು ಬಿಗಿದುಕೊಂಡಿದೆ. ಎಲ್ಲಕ್ಕಿಂತ ಘೋರವಾದುದು ಕಿರ್ರೆಂದು ಉಜ್ಜುವ ಸದ್ದು. ಆಗ ಹೆಡ್ಡು ತಟ್ಟೆಯ ಕಾಂತಲೇಪವನ್ನು ಕೆರೆಯುತ್ತಿರುತ್ತದೆ. ಹಾಗೆ ಪುಡಿಯಾದ ಲೇಪದಲ್ಲಿದ್ದ ಬರಹವನ್ನು ಯಾವ ಪರಿಣತನೂ ಮರಳಿ ತರಲಾರನು.

ಅಪಾಯದ ಸದ್ದು ಕೇಳಿದೊಡನೆ ಹಲವರು ಮಾಡುವುದು ಕಂಪ್ಯೂಟರನ್ನು ಮತ್ತೆ ಮತ್ತೆ ಆರಿಸಿ ಹಚ್ಚುವುದು. ಆಮೇಲೆ ದುರಸ್ತಿಯ ತಂತ್ರಾಂಶವನ್ನು ಓಡಿಸುವುದು. ಬಳಲಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತೆ ಇದು. ಸದ್ದು ಹೊಸದಾಗಿ ಆರಂಭವಾಗಿ ಡಿಸ್ಕು ಇನ್ನೂ ಓದುತ್ತಿದ್ದರೆ ಪ್ರತಿ ಮಾಡಿಕೊಳ್ಳುವುದೇ ಮೊದಲ ಕರ್ತವ್ಯ. ಪರೀಕ್ಷೆ ಏನಿದ್ದರೂ ಅನಂತರ. ಅದರಲ್ಲಿಯೂ ಮತ್ತೆಲ್ಲಿಯೂ ದೊರೆಯದ್ದು ಮೊದಲು: ತೀರಿಹೋದ ಹಿರಿಯರ ಭಾವಚಿತ್ರಗಳು, ಹಸ್ತಪ್ರತಿಗಳು, ಲೆಕ್ಕಪತ್ರಗಳು. ಸಿನಿಮಾ ಹಾಡುಗಳು ನಾಳೆಯೂ ಸಿಕ್ಕಾವು. ಟಿಕ್ ಟಿಕ್ ಸದ್ದು ಕೇಬಲನ್ನು ಸರಿಪಡಿಸಿದ ಮೇಲೂ ನಿಲ್ಲದಿದ್ದರೆ, ಅಥವಾ ಉಜ್ಜುವ ಸದ್ದು ಒಮ್ಮೆಯೇ ಕೇಳಿದರೂ, ಪ್ರತಿಯ ಆಸೆಯನ್ನೂ ಬಿಟ್ಟು ಒಡನೆ ಆರಿಸತಕ್ಕದ್ದು. ಒಳಗಿನ ಬರಹಕ್ಕೆ ಬೆಲೆಯುಂಟೆಂದಾದರೆ, ದತ್ತಾಂಶವನ್ನು ಹೊರತೆಗೆಯಬಲ್ಲ ತಜ್ಞರ ಕೈಗೆ ಒಪ್ಪಿಸಬೇಕು. ಮುಚ್ಚಳ ಬಿಚ್ಚಿ ಇಣುಕಿದರೆ ಧೂಳಿನ ಕಣವೊಂದೇ ಸಾಕು ಅನರ್ಥಕ್ಕೆ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆಂಬ ಮನೆಮದ್ದೂ ಸಲ್ಲದು. ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕಟ್ಟೀತು.

ಹಾಗಾದರೆ ಸದ್ದಿಲ್ಲದ ಡಿಸ್ಕು ಸುರಕ್ಷಿತವೇ? ಡಿಸ್ಕುಗಳು ತಮ್ಮ ಕುಂದುಗಳನ್ನು ತಾವೇ ಲೆಕ್ಕವಿಡುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯೊಂದಿದೆ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದವುಗಳ ಪೈಕಿ ಶೇಕಡಾ 56ಕ್ಕೂ ಮಿಕ್ಕವು ಆ ಲೆಕ್ಕದ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಈಗ ಬಳಕೆಗೆ ಬಂದಿರುವ ಎಸ್.ಎಸ್.ಡಿ.ಗಳಲ್ಲಂತೂ ತಿರುಗುವ ಭಾಗವೇ ಇಲ್ಲ. ಅವು ನಿಲ್ಲುವಾಗ ನರಳುವುದೂ ಇಲ್ಲ.

ಅಟ್ಟ ಮೇಲೆ ಒಲೆ ಉರಿದರೇನು, ಕೆಟ್ಟ ಮೇಲೆ ಬುದ್ಧಿ ಬಂದರೇನು? ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಮನೆಯ ಹೊರಗೆ ಇರಲಿ. ಅಷ್ಟಾದ ಮೇಲೆ ಪೆಟ್ಟಿಗೆ ಟಿಕ್ಕೆಂದರೂ ಕಿರ್ರೆಂದರೂ, ಅಂಗಡಿಗೆ ಹೋಗಿ ಹೊಸ ಡಿಸ್ಕು ತರುವ ಖರ್ಚೊಂದನ್ನೇ ಯೋಚಿಸಿದರೆ ಸಾಕು.