ನೂರು ಕೊಟ್ಟು ನಾನೂರು ಕೀಳುವ ಕಾರ್ಡು

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹೊರಟವರಿಗೆ ವರ್ತುಲ ರಸ್ತೆ ಕೂಡುವಲ್ಲಿ ಸಿಗುವ ಊರು ಹಿನಕಲ್. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ದುಡಿಯಲು ಹೋಗುವವರು ಇಲ್ಲಿದ್ದಾರೆ. ಅವರಿಗೆ ಅಕ್ಕಿ ಬೇಳೆ ಮಾರಿ ಸಂಸಾರ ಸಾಗಿಸುವ ಅಂಗಡಿಯವರಿದ್ದಾರೆ. ಕಾರ್ಯಪ್ಪ, ತಿಮ್ಮಯ್ಯನವರ ಕೊಡಗಿಗೆ ಹೋಗುವ ಇದೇ ರಸ್ತೆಯ ಉದ್ದಕ್ಕೂ ಮಗನನ್ನೋ ಗಂಡನನ್ನೋ ಗಡಿಗೆ ಕಳಿಸಿ ದಿನ ಎಣಿಸುವ ಮನೆಗಳೂ ಇವೆ. ಈ ಮೂವರ ಜೇಬಿಗೂ ಇಂದು ಒಂದೇ ಕೈ ಇಳಿದಿದೆ. ಅದರ ಹೆಸರು ಕ್ಯಾಷ್ ಬ್ಯಾಕ್ ಕ್ರೆಡಿಟ್ ಕಾರ್ಡು.

ಸೈನಿಕರಿಗೆಂದೇ ಬ್ಯಾಂಕುಗಳು ಬೇರೆ ಕಾರ್ಡು ಅಚ್ಚು ಹಾಕಿಸಿವೆ. ಒಂದಕ್ಕೆ ‘ಶೌರ್ಯ’ ಎಂದು ಹೆಸರು, ಇನ್ನೊಂದಕ್ಕೆ ‘ವಿಕ್ರಮ್’. ಶೌರ್ಯ ಸೈನಿಕನದು, ಬಡ್ಡಿ ಬ್ಯಾಂಕಿನದು! “ಯಾವ ಕಾರ್ಡಿನಲ್ಲಿ ಹೆಚ್ಚು ಹಣ ವಾಪಸು ಬರುತ್ತದೆ, ಯಾವುದನ್ನು ತೆಗೆದುಕೊಳ್ಳೋಣ?” ಎಂದು ಸೈನಿಕರ ಮನೆಯವರು ಕೇಳುತ್ತಾರೆ. ಪ್ರಶ್ನೆಯೇ ತಲೆಕೆಳಗಾಗಿದೆ ಎನ್ನುತ್ತೇವೆ ನಾವು. ಮೊದಲು ಕೇಳಬೇಕಾದದ್ದು, ಒಂದು ತಿಂಗಳು ಕೈ ತಪ್ಪಿದರೆ ಈ ಕಾರ್ಡು ನಮ್ಮಿಂದ ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದು.

ಲೆಕ್ಕ ಹಾಕೋಣ. ತಿಂಗಳಿಗೆ 10,000 ರೂ. ಸಾಮಾನು ಕೊಂಡರೆ, ನೂರಕ್ಕೆ ಒಂದರಂತೆ ವಾಪಸು ಬರುವುದು 100 ರೂ. ಬಹಳಷ್ಟು ಕಾರ್ಡುಗಳಲ್ಲಿ ಬಾಕಿಯ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಇಲ್ಲವೆ ಅದಕ್ಕೂ ಹೆಚ್ಚು. ಆ 10,000 ರೂ. ಒಂದು ತಿಂಗಳು ಬಾಕಿ ನಿಂತರೆ ಬಡ್ಡಿ 350 ರೂ., ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 63 ರೂ.; ಒಟ್ಟು 413 ರೂ. ನಾಲ್ಕು ತಿಂಗಳ ‘ಬಹುಮಾನ’ ಒಂದೇ ತಿಂಗಳಲ್ಲಿ ಮಂಗಮಾಯ! ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಸಣ್ಣ ಮೊತ್ತವೊಂದನ್ನು ಕಾಣಿಸುತ್ತಾರೆ. ಅದನ್ನು ನಂಬಿ 500 ರೂ. ಕಟ್ಟಿದಿರಿ ಎನ್ನಿ. 413 ಬಡ್ಡಿಗೂ ತೆರಿಗೆಗೂ ಹೋಗಿ ಅಸಲಿಗೆ ಜಮೆಯಾಗುವುದು 87 ರೂ. ಮಾತ್ರ. ಬಾಕಿ ಇರುವತನಕ ಹೊಸದಾಗಿ ಕೊಂಡ ಸಾಮಾನಿಗೂ ಅಂದಿನಿಂದಲೇ ಬಡ್ಡಿ ಓಡುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಆ ನೂರು ರೂಪಾಯಿಯಾದರೂ ಯಾರ ಗಂಟು? ಬ್ಯಾಂಕಿನದಲ್ಲ, ಅಂಗಡಿಯವನದು. ಕ್ರೆಡಿಟ್ ಕಾರ್ಡು ಉಜ್ಜಿದ ಪ್ರತಿ ಬಿಲ್ಲಿನಿಂದಲೂ ವ್ಯಾಪಾರಿಗೆ ಬರಬೇಕಾದ ಹಣದಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಾರೆ. ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ. ಗಿರಾಕಿಗೆ ಅದರಲ್ಲಿ ಒಂದನ್ನು ಕೊಟ್ಟು ‘ಉಡುಗೊರೆ’ ಎನ್ನುತ್ತಾರೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಕಥೆ ಇದು. ಡೆಬಿಟ್ ಕಾರ್ಡಿನ ಈ ಮುರಿತಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ; ಕ್ರೆಡಿಟ್ ಕಾರ್ಡಿಗೆ ಹಾಕಿಲ್ಲ. ದಿನಸಿಯ ಲಾಭವೇ ಅಷ್ಟಕ್ಕಷ್ಟೆ ಆದ್ದರಿಂದ ವ್ಯಾಪಾರಿ ಅದನ್ನು ಬೆಲೆಗೆ ಸೇರಿಸುತ್ತಾನೆ. ಕೊನೆಗೆ ಕಾರ್ಡೇ ಇಲ್ಲದ ಕೂಲಿಯವನು ರೊಕ್ಕ ಕೊಟ್ಟು ಕೊಂಡ ಬೇಳೆಯಲ್ಲೂ ಕಾರ್ಡಿನವನ ಬಹುಮಾನ ತೆರುತ್ತಾನೆ. ಬ್ಯಾಂಕು ಖಾತೆಯಿಂದ ನೇರವಾಗಿ ಯುಪಿಐ ಮೂಲಕವೋ ರುಪೇ ಡೆಬಿಟ್ ಕಾರ್ಡಿನಿಂದಲೋ ಕೊಟ್ಟರೆ 2020ರ ಜನವರಿಯಿಂದ ಈ ಮುರಿತವಿಲ್ಲ. ನೆರೆಯ ಅಂಗಡಿಯವನ ಮೇಲೆ ಪ್ರೀತಿಯಿರುವವರು ಇದನ್ನು ನೆನಪಿಡಬೇಕು.

ಇನ್ನು ಸೈನಿಕನ ಮನೆಯ ಪಾಡು ನೋಡಿ. ಖಾತೆ ಅವನದು, ಮೊಬೈಲ್ ನಂಬರು ಅವನದು. ಅವನು ಇರುವುದು ಲಡಾಖಿನ ಯಾವುದೋ ಠಾಣ್ಯದಲ್ಲಿ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಟಿಪಿ ಅಲ್ಲಿಗೆ ಹೋಗುತ್ತದೆ, ಖರ್ಚು ಹಿನಕಲ್ಲಿನಲ್ಲಿ ಆಗುತ್ತದೆ, ಬಿಲ್ಲಿನ ಗಡುವು ಯಾರ ಕಣ್ಣಿಗೂ ಬೀಳದೆ ದಾಟುತ್ತದೆ. ಸೈನಿಕನ ಸಂಬಳವನ್ನು ಸಾಲಗಾರರಿಗಾಗಿ ಜಪ್ತಿ ಮಾಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಹಳೆಯ ಕಾನೂನಿಗೆ ಇದ್ದ ಆ ಮರ್ಯಾದೆ ಹೊಸ ಕಾರ್ಡಿಗೆ ಇಲ್ಲ. ಮುಂಬಾಗಿಲಲ್ಲಿ ಅಮೀನನನ್ನು ತಡೆದರೆ, ಬಡ್ಡಿ ಹಿತ್ತಿಲ ಬಾಗಿಲಿನಿಂದ ಬರುತ್ತದೆ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಹುಡುಗರ ಸ್ಥಿತಿಯಂತೂ ಇನ್ನೂ ಸೂಕ್ಷ್ಮ. ಯೋಜನೆ ಸಾರಿದ ಲೆಕ್ಕದಂತೆ ಮೊದಲ ವರ್ಷ ಕೈಗೆ ಬರುವುದು ತಿಂಗಳಿಗೆ 21,000 ರೂ. ನಾಲ್ಕು ವರ್ಷದ ಮೇಲೆ ಸೇನೆಯಲ್ಲಿ ಉಳಿಯುವವರು ನೂರಕ್ಕೆ 25ರಷ್ಟು ಜನ; ಮನೆಗೆ ಮರಳುವವರಿಗೆ ಪಿಂಚಣಿಯಿಲ್ಲ. ನೌಕರಿಗೆ ಕೊನೆಯ ದಿನ ಉಂಟು, ಸಾಲಕ್ಕೆ ಇಲ್ಲ!

ಆಳುವವರು ಏನು ಮಾಡುತ್ತಿದ್ದಾರೆ? ಮೀಟರ್ ಬಡ್ಡಿಯವನನ್ನು ಹಿಡಿಯಲು ಕರ್ನಾಟಕದಲ್ಲಿ 2004ರ ಕಾನೂನಿದೆ. ಬ್ಯಾಂಕಿನ ಕಾರ್ಡನ್ನು ಅದು ಮುಟ್ಟುವುದಿಲ್ಲ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತು. ಬ್ಯಾಂಕುಗಳು ಮೇಲೆ ಹೋದವು. ದರದ ವಿಷಯ ರಿಸರ್ವ್ ಬ್ಯಾಂಕಿಗೆ ಸೇರಿದ್ದೆಂದು 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕೋ, ‘ಬಡ್ಡಿ ವಿಪರೀತವಾಗಬಾರದು’ ಎನ್ನುತ್ತದೆಯೇ ಹೊರತು ಇಷ್ಟೇ ಎಂದು ಅಂಕಿ ಹೇಳುವುದಿಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕವೇ ಸೇವೆಯಲ್ಲಿರುವ ಸೈನಿಕರ ಕುಟುಂಬಗಳಿಗೆ 2006ರಲ್ಲಿ ಕಾನೂನು ಮಾಡಿ ಶೇಕಡಾ 36ರ ಮಿತಿ ಹಾಕಿತು; 2017ರ ಅಕ್ಟೋಬರಿನಿಂದ ಅದು ಕ್ರೆಡಿಟ್ ಕಾರ್ಡಿಗೂ ಅನ್ವಯ. 36 ಎಂಬುದು ನಮಗೆ ಆದರ್ಶವಲ್ಲ. ಆದರೆ ಮಾತುಮಾತಿಗೆ ‘ಜೈ ಜವಾನ್’ ಎನ್ನುವ ನಾಡಿನಲ್ಲಿ ಅಷ್ಟೂ ಇಲ್ಲವಲ್ಲ!

ಕಾರ್ಡೇ ಬೇಡವೆಂದು ನಾವು ಹಟ ಹಿಡಿಯುವುದಿಲ್ಲ. ರೈಲು ಟಿಕೀಟಿಗೋ ಆಸ್ಪತ್ರೆಯ ತುರ್ತಿಗೋ ಅದು ಆಗಿಬರಬಹುದು. ತೆಗೆದುಕೊಳ್ಳುವವರು ಇಷ್ಟನ್ನು ನೋಡಿ ತೆಗೆದುಕೊಳ್ಳಿ. ವರ್ಷದ ಶುಲ್ಕವಿಲ್ಲದ್ದು ಇರಲಿ. ಅರ್ಜಿಯ ಜೊತೆ ಒಂದು ಪುಟದಲ್ಲಿ ಬಡ್ಡಿ, ಶುಲ್ಕ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಅದನ್ನು ಕೇಳಿ ಪಡೆದು ಓದಿ. ಪೆಟ್ರೋಲು, ಬಾಡಿಗೆ, ವಿಮೆ, ಮಿಲಿಟರಿ ಕ್ಯಾಂಟೀನಿನ ಸಾಮಾನು, ಇವುಗಳಿಗೆ ಹಣ ವಾಪಸು ಉಂಟೇ, ತಿಂಗಳಿಗೆ ಎಷ್ಟರ ಮಿತಿ ಎಂದು ವಿಚಾರಿಸಿ. ಗಡುವಿನ ದಿನ ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಬರೆದುಕೊಡಿ. ‘ಮಿನಿಮಮ್’ ಅಲ್ಲ, ಪೂರ್ತಿ ಬಾಕಿ. ಖರ್ಚಿನ ಸಂದೇಶ ಮನೆಯಾಕೆಯ ಮೊಬೈಲಿಗೂ ಬರುವ ಏರ್ಪಾಟಿದೆಯೇ ನೋಡಿ. ಕಾರ್ಡಿನಿಂದ ನಗದು ತೆಗೆಯಲೇಬೇಡಿ. ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಕೇಳದೆ ಕಾರ್ಡು ಕಳಿಸುವ ಹಾಗಿಲ್ಲ. ಬಾಕಿ ತೀರಿಸಿ ರದ್ದು ಮಾಡಿ ಎಂದರೆ ಏಳು ಕೆಲಸದ ದಿನಗಳಲ್ಲಿ ಮಾಡಬೇಕು. ತಡವಾದರೆ ದಿನಕ್ಕೆ 500 ರೂ. ದಂಡ ನಿಮಗೆ ಸಲ್ಲಬೇಕು.

ಆದರೆ ಒಬ್ಬೊಬ್ಬರ ಎಚ್ಚರಿಕೆಯಿಂದ ಊರು ಉಳಿಯುವುದಿಲ್ಲ. ಕಾರ್ಡಿನ ಬಡ್ಡಿಗೆ ಕಾನೂನಿನ ಮಿತಿ ಬರಬೇಕು. ಸಣ್ಣ ಅಂಗಡಿಯ ಮೇಲಿನ ಮುರಿತಕ್ಕೂ ಮಿತಿ ಬರಬೇಕು. ಗಡಿಯಲ್ಲಿರುವವನಿಗೆ ಗಡುವು ತಪ್ಪಿದರೆ ದಂಡವೂ ಬಡ್ಡಿಯೂ ಬೀಳಬಾರದು. ಸೈನಿಕನ ಮನೆಗೆ ಸಿಕ್ಕ ರಕ್ಷಣೆ ಕಾರ್ಮಿಕನ ಮನೆಗೂ ಸಿಗಬೇಕು. ಗಡಿ ಕಾಯುವವನೂ ಯಂತ್ರ ನಡೆಸುವವನೂ ಒಂದೇ ಮನೆಯ ಮಕ್ಕಳು. ಹಿನಕಲ್ಲಿನ ಕಾರ್ಮಿಕ, ವ್ಯಾಪಾರಿ, ಮಾಜಿ ಸೈನಿಕ ಮೂವರೂ ಒಂದೇ ಜಗಲಿಯಲ್ಲಿ ಕುಳಿತು ಈ ಮಾತನ್ನು ಎತ್ತಲಿ. ಓಟು ಕೇಳಲು ಬಂದವರ ಮುಂದೆ ಮೊದಲ ಪ್ರಶ್ನೆ ಇದೇ ಆಗಲಿ.