ಟೈಮ್ ಆತು, ಓಡೋ!

ಕಳೆದ ಭಾನುವಾರ ಸಂಜೆ ವಾಕಡ್‌ನ ನಮ್ಮ ಫ್ಲಾಟಿನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ಕೆಲಸದವರು ರಜೆ. ಹಾಲ್‌ನಲ್ಲಿ ಮಗಳು ಸ್ವಿಚ್‌ನಲ್ಲಿ ಹಳೆಯ ಸೂಪರ್ ಮಾರಿಯೋ ಆಡುತ್ತಿದ್ದಳು. ಇದ್ದಕ್ಕಿದ್ದಂತೆ ಆ ಸಣ್ಣ ಅವಸರದ ಪೀಪಿ ಕೇಳಿತು. ಅದರ ಹಿಂದೆಯೇ ಎಂದಿನ ರಾಗ ಇನ್ನೂ ಹೆಚ್ಚಿನ ವೇಗದಲ್ಲಿ ಓಡತೊಡಗಿತು. ಕೈಯಲ್ಲಿ ಸೋಪಿನ ನೊರೆ ಇದ್ದ ಹಾಗೇ ಕೂಗಿಬಿಟ್ಟೆ: "ಓಡೋ ಮಾರಾಯ, ಟೈಮ್ ಆತು!"

"ಅಪ್ಪಾ, ನಾನೇನು ಹುಡುಗನಾ?" ಅಂದಳು ಮಗಳು.

ಅವಳ ಕನ್ನಡ ಅಷ್ಟಕ್ಕಷ್ಟೇ, ಶಾಲೆಯಲ್ಲಿ ಮರಾಠಿ, ಗೆಳತಿಯರ ಜೊತೆ ಹಿಂದಿ. ಆದರೂ "ಓಡೋ" ತನಗೆ ಹೇಳುವ ಮಾತಲ್ಲ ಅಂತ ಅವಳಿಗೆ ಗೊತ್ತು. ಸರಿಯೇ. ಆ ಮಾತು ಅವಳದ್ದಲ್ಲ, ನನ್ನದೂ ಅಲ್ಲ. ಮೂವತ್ತು ವರ್ಷದ ಹಿಂದೆ ಶಿರಸಿಯ ಮನೆಯಲ್ಲಿ ಅಕ್ಕ ನನಗೆ ಹೇಳುತ್ತಿದ್ದ ಮಾತು ಅದು.

ಅಪ್ಪ ಹುಬ್ಬಳ್ಳಿಗೆ ಹೋದವರು ಒಂದು ಟೀವಿ ಗೇಮ್ ತಂದಿದ್ದರು. ನಿಂಟೆಂಡೋದ ನಕಲು, ಹಳದಿ ಕ್ಯಾಸೆಟ್ಟಿನ ಮೇಲೆ 'ಸಾವಿರದೊಂಬೈನೂರು ಆಟ' ಎಂಬ ಸುಳ್ಳು. ನಿಜಕ್ಕೂ ಇದ್ದದ್ದು ಹತ್ತು ಹನ್ನೆರಡು, ಉಳಿದದ್ದೆಲ್ಲ ಅವವೇ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ರಿಮೋಟು ನನ್ನ ಕೈಯಲ್ಲಿ, ಆಜ್ಞೆ ಅವಳದ್ದು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೇ ಏರ್ಪಾಡು ಇದ್ದಿರಬೇಕು.

ಆ ಪೀಪಿ ಬರುವುದು ಪರದೆಯ ಮೇಲಿನ ಗಡಿಯಾರ ಇಳಿದು ಇಳಿದು 100ಕ್ಕೆ ಬಂದಾಗ. ಅದು ನೂರು ಸೆಕೆಂಡ್ ಅಂತ ನಾವು ತಿಳಿದಿದ್ದೆವು. ಹಾಗಲ್ಲ, ಆ ಆಟದ ಒಂದು 'ಟೈಮ್' ಅಂದರೆ ಸೆಕೆಂಡಿನ ಅರ್ಧಕ್ಕಿಂತ ಕಡಿಮೆ. ಉಳಿದಿರುವುದು ಸುಮಾರು ನಲವತ್ತು ಸೆಕೆಂಡ್ ಅಷ್ಟೆ. ಅಕ್ಕನ ಗಾಬರಿಗೆ ಕಾರಣವಿತ್ತು ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರ್ ಆದ ಮೇಲೆ.

ಮರಳಿ ಮರಳಿ ಬರುವ ಇಂಥ ಸ್ವರಗುಚ್ಛಕ್ಕೆ ಸಂಗೀತದವರು ಮೋಟಿಫ್ ಅನ್ನುತ್ತಾರೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಶುರುವಾಗುವಾಗ ಬರುವ, ಎಲ್. ವೈದ್ಯನಾಥನ್ ಅವರ ಆ ರಾಗವನ್ನು ನೆನಪಿಸಿಕೊಳ್ಳಿ. ಎರಡು ಸ್ವರ ಸಾಕು, ಊರು, ರೈಲು, ಸ್ವಾಮಿ ಎಲ್ಲ ಬಂದು ನಿಲ್ಲುತ್ತಾರೆ. ಸಿನಿಮಾ, ಧಾರಾವಾಹಿಗಳಲ್ಲಿ ಇದು ಹಳೆಯ ವಿದ್ಯೆ. ವಿಡಿಯೋ ಗೇಮಿಗೆ ಮಾತ್ರ ಇದು ಬಡತನದಿಂದ ಬಂತು. 1985ರ ಸೂಪರ್ ಮಾರಿಯೋ ಆಟ ಇಡಿಯಾಗಿ 40 ಕಿಲೋಬೈಟ್. ಇವತ್ತು ಆಫೀಸಿನಲ್ಲಿ ಬರುವ ಒಂದು ಈಮೇಲ್ ಸಹಿಯಲ್ಲಿರುವ ಲೋಗೋ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ಚಿತ್ರ, ಲೆಕ್ಕ, ಸಂಗೀತ ಎಲ್ಲ ಹಿಡಿಯಬೇಕು. ಸಂಗೀತ ರಚಿಸಿದ ಕೋಜಿ ಕೊಂಡೋ ಅವರಿಗೆ ಹೊಸ ಹೊಸ ರಾಗ ಹಾಕುತ್ತ ಹೋಗುವ ಸೌಕರ್ಯವೇ ಇರಲಿಲ್ಲ. ಇದ್ದದ್ದನ್ನೇ ತಿರುಗಿಸಿ ತಿರುಗಿಸಿ ನುಡಿಸಬೇಕು.

ಅದಕ್ಕೂ ಮೊದಲು, 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇದ್ದದ್ದು ಕೆಳಕ್ಕಿಳಿಯುವ ನಾಲ್ಕೇ ಸ್ವರ. ಶತ್ರುಗಳನ್ನು ಹೊಡೆದಷ್ಟೂ ಉಳಿದವರ ವೇಗ ಹೆಚ್ಚು, ಸ್ವರಗಳ ವೇಗವೂ ಹೆಚ್ಚು. ಶತ್ರುಗಳು ವೇಗವಾಗಿ ಬರುತ್ತಿದ್ದುದು ಯಾರ ಯೋಜನೆಯೂ ಅಲ್ಲ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದ ಹಾಗೆ ಬಡಪಾಯಿ ಪ್ರೊಸೆಸರ್‌ಗೆ ಭಾರ ಇಳಿದು ಅದು ಓಡುತ್ತಿತ್ತು. ನಮ್ಮ ವೃತ್ತಿಯಲ್ಲಿ ಬಗ್ ಅನ್ನುತ್ತಿದ್ದೆವು, ಅವರು ಅದನ್ನೇ ಆಟ ಮಾಡಿಕೊಂಡರು.

ಶಿರಸಿಯವನಾಗಿ ನನಗೆ ಇದರಲ್ಲಿ ಯಕ್ಷಗಾನ ಕಾಣುತ್ತದೆ. ಮಾರಿಕಾಂಬಾ ಜಾತ್ರೆಯಲ್ಲಿ ಆಟ ನೋಡುತ್ತ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದ ಮಕ್ಕಳು ಚೆಂಡೆ ಏರಿದಾಗ ಎದ್ದು ಕೂರುತ್ತಿದ್ದೆವು. ಅರ್ಧ ತೆರೆಯ ಹಿಂದೆ ರಕ್ಕಸ ವೇಷ ಇನ್ನೂ ಮುಖ ತೋರಿಸಿರುವುದಿಲ್ಲ, ಆದರೆ ಬಡಿತ ಕೇಳಿದರೆ ಬರುವವನು ಯಾರು ಅಂತ ತಿಳಿಯುತ್ತದೆ. ಯಾರೂ ಕಲಿಸಿದ್ದಲ್ಲ, ಕೇಳಿ ಕೇಳಿ ಬಂದದ್ದು. ಒಂದೇ ವ್ಯತ್ಯಾಸ. ಯಕ್ಷಗಾನದಲ್ಲಿ ರಕ್ಕಸ ಬಂದರೆ ಸಾಯುವವನು ಬೇರೆಯವನು. ಗೇಮಿನಲ್ಲಿ ಸಾಯುವವನು ನಾನೇ, ನನ್ನ ಹೆಬ್ಬೆರಳು ತಡವಾದ್ದಕ್ಕೆ. ಹಾಗಾಗಿ ಆ ರಾಗದ ನೆನಪು ಕಿವಿಯಲ್ಲಿ ಮಾತ್ರ ಉಳಿಯುವುದಿಲ್ಲ, ಕೈಗೂ ಇಳಿದಿರುತ್ತದೆ. ಸಿಂಕಿನ ಮುಂದೆ ನಿಂತವನ ಬಲಗೈ ಹೆಬ್ಬೆರಳು ನೊರೆಯಲ್ಲೇ ಒತ್ತಿತ್ತು, ನಿಜಕ್ಕೂ.

ಕೇಳಿದವರಿಗೆ ಮಾತ್ರ ಕೇಳಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಮನೆಯದ್ದೇ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾನು 1998ರ ಜೆಲ್ಡಾ, 'ಒಕರಿನಾ ಆಫ್ ಟೈಮ್' ಆಡಿದ್ದೆ, ಕಂಪ್ಯೂಟರಿನಲ್ಲಿ, ಕದ್ದದ್ದು. ಅದರಲ್ಲಿ ಕಾಲದ ದೇವಾಲಯ ಅಂತ ಒಂದಿದೆ. ಒಳಗೆ ಕಾಲಿಟ್ಟರೆ ಮಠದ ಮಂತ್ರಪಠಣದಂತೆ ಗಂಭೀರವಾಗಿ ಒಂದು ರಾಗ. ಕಥೆಯ ಹುಡುಗ ಲಿಂಕ್ ಕೊಳಲಿನಂಥ ಪುಟ್ಟ ವಾದ್ಯದಲ್ಲಿ ಅದನ್ನೇ ನುಡಿಸಿ ಕಾಲದ ಬಾಗಿಲು ತೆರೆಯುತ್ತಾನೆ. 2017ರ 'ಬ್ರೆತ್ ಆಫ್ ದಿ ವೈಲ್ಡ್'ನಲ್ಲಿ ಲಿಂಕ್ ನೂರು ವರ್ಷ ಮಲಗಿ ಏಳುತ್ತಾನೆ. ರಾಜ್ಯವೆಲ್ಲ ಹಾಳು. ಬೆಟ್ಟದ ಮೇಲೆ ಅದೇ ದೇವಾಲಯ, ಮಾಡು ಬಿದ್ದು ಹುಲ್ಲು ಬೆಳೆದಿದೆ. ಅಲ್ಲಿ ಪಿಯಾನೋದ ಒಂದೆರಡು ಸ್ವರ, ಆಮೇಲೆ ಮೌನ, ಮತ್ತೆ ಒಂದೆರಡು. ಹಳೆಯ ರಾಗವೇ ಅದು, ಗೋಡೆಯ ಹಾಗೆ ಕುಸಿದು ಚೂರಾಗಿದೆ.

ನಾನು ಸೋಫಾದಲ್ಲಿ ಸುಮ್ಮನೆ ಕೂತೆ. ಮಗಳು "ಇಲ್ಲಿ ಮ್ಯೂಸಿಕ್ಕೇ ಸರಿಯಾಗಿಲ್ಲ" ಅಂತ ಮುಂದೆ ಹೋದಳು. ಅವಳದ್ದು ತಪ್ಪಲ್ಲ. ದುಃಖ ಆ ಸ್ವರಗಳಲ್ಲಿ ಇಲ್ಲ, ಹತ್ತೊಂಬತ್ತು ವರ್ಷದ ಅಂತರದಲ್ಲಿ ಇದೆ. ಆ ಅಂತರ ನನ್ನ ಹತ್ತಿರ ಇತ್ತು, ಅವಳ ಹತ್ತಿರ ಇರಲಿಲ್ಲ.

ನಮ್ಮ ಪುಣೆಯವರೂ ಒಂದು ಒಳ್ಳೆಯ ಗೇಮ್ ಮಾಡಿದ್ದಾರೆ. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್', 2020ರಲ್ಲಿ ಬಂತು. ಕಥೆಯ ತುಣುಕುಗಳನ್ನು ನಮ್ಮ ತೊಗಲುಗೊಂಬೆಯ ಥರ ನೆರಳಿನಲ್ಲಿ ತೋರಿಸುತ್ತಾರೆ, ನಿರೂಪಕರು ದುರ್ಗೆ ಮತ್ತು ವಿಷ್ಣು. ಸಂಗೀತ ಗ್ರೀಸ್ ದೇಶದ ಲಿನೋಸ್ ಜೆಲೋಸ್ ಅವರದ್ದು. ಗ್ರೀಕನಿಗೆ ನಮ್ಮ ವಾದ್ಯ ಏನು ತಿಳಿದೀತು ಅಂತ ಮೂಗು ಮುರಿದವನೇ ಎರಡು ರಾತ್ರಿ ಹೆಡ್‌ಫೋನ್ ತೆಗೆಯಲಿಲ್ಲ. (ಹೊಡೆದಾಟದಲ್ಲಿ ಮಾತ್ರ ಬೇಸರವಾಗುವಷ್ಟು ಸತ್ತೆ.) ಕಥೆ ಇಷ್ಟು: ಸರ್ಕಸ್ಸಿನ ಹುಡುಗಿ ರಾಜಿ, ರಕ್ಕಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುತ್ತಾಳೆ. ಅಕ್ಕ ತಮ್ಮನನ್ನು ಹುಡುಕುವ ಆಟ.

ಆಗ ನನಗೇನೂ ಅನಿಸಿರಲಿಲ್ಲ. 2020ರಲ್ಲಿ ಅಕ್ಕನೂ ನಾನೂ ದಿನಕ್ಕೊಮ್ಮೆ ಮಾತಾಡುತ್ತಿದ್ದೆವು. ಅಪ್ಪ ಹೋದ ಮೇಲೆ ಶಿರಸಿ ಮನೆ ಮಾರೋಣ ಅಂದವನು ನಾನು. ಪುಣೆಯಲ್ಲಿ ಕೂತು ಹಂಚು, ಗೆದ್ದಲು, ಮಳೆ ನೋಡಿಕೊಳ್ಳುವುದು ಹೇಗೆ? ಲೆಕ್ಕ ನನ್ನದೇ ಸರಿ ಇತ್ತು, ಎಕ್ಸೆಲ್ ಶೀಟ್ ಕೂಡ ಮಾಡಿ ಕಳಿಸಿದ್ದೆ. ಅಕ್ಕ ಸಹಿ ಹಾಕಿದಳು, ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಎರಡು ವರ್ಷ ಆಯಿತು. ಹಬ್ಬಕ್ಕೆ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರಿಗೂ ಸೇರಿಸಿ ಒಂದು ಹೂವಿನ ಚಿತ್ರ ಹಾಕುತ್ತಾಳೆ, ನಾನು ಕೈಮುಗಿದ ಚಿತ್ರ ಹಾಕುತ್ತೇನೆ.

ಆ ಟೀವಿ ಗೇಮ್ ಅಟ್ಟದ ಮೇಲೆ ಇತ್ತು. ಮನೆ ಖಾಲಿ ಮಾಡುವಾಗ ಅದನ್ನು ಗುಜರಿಯವನಿಗೆ ಹಾಕಿದವನೂ ನಾನೇ. ಅಕ್ಕ ಅಲ್ಲೇ ನಿಂತಿದ್ದಳು.

ಭಾನುವಾರ ರಾತ್ರಿ ಮಗಳಿಗೆ ಈ "ಓಡೋ" ಎಲ್ಲಿಂದ ಬಂತು ಅಂತ ಹೇಳಿದೆ, ಮನೆಯ ವಿಷಯ ಬಿಟ್ಟು. ಅವಳು ನನ್ನನ್ನು ಕೇಳದೆ ಮಾರಿಯೋನನ್ನು ಒಂದು ಕಡೆ ಸುಮ್ಮನೆ ನಿಲ್ಲಿಸಿ, ಗಡಿಯಾರ ಇಳಿಯುವವರೆಗೆ ಕಾದು, ಆ ಪೀಪಿಯನ್ನು ನನ್ನ ಫೋನಿನಲ್ಲೇ ರೆಕಾರ್ಡ್ ಮಾಡಿ ಅತ್ತೆಗೆ ಕಳಿಸಿಬಿಟ್ಟಿದ್ದಾಳೆ. ಒಂದು ಅಕ್ಷರ ಬರೆದಿಲ್ಲ, ಬರೀ ಶಬ್ದ.

ಸೋಮವಾರ ಬೆಳಿಗ್ಗೆ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಉತ್ತರ ಬಂತು. ಆರು ಸೆಕೆಂಡಿನ ವಾಯ್ಸ್ ಮೆಸೇಜ್. ಹಿಂದೆ ಕುಕ್ಕರ್ ಕೂಗುತ್ತಿದೆ. "ಇದನ್ನ ಆಡ್ತಾ ಇರೋದು ನೀನೋ, ನಿನ್ನ ಮಗಳೋ? ಯಾಕೋ ಅಲ್ಲೇ ನಿಂತಿದ್ದೆ, ಓಡೋದು ಬಿಟ್ಟು?"

ಮೂರು ದಿನದಿಂದ ಅದನ್ನು ಕೇಳುತ್ತಿದ್ದೇನೆ. ಏನು ಬರೆಯುವುದೆಂದು ತಿಳಿಯದೆ ಈ ಅಂಕಣ ಬರೆದೆ. ಸಂಪಾದಕರಿಗೆ ಇದನ್ನು ಕಳಿಸಿ, ಸಂಜೆ ಅವಳು ದೇವರಿಗೆ ದೀಪ ಹಚ್ಚುವ ಹೊತ್ತಾದ ಮೇಲೆ ಫೋನ್ ಮಾಡುತ್ತೇನೆ.