ಇದು ಧ್ಯಾನ ಅಲ್ಲ ಸ್ವಾಮಿ, ಕೊಡಲಿ ಕಾವು

ವಾರವಿಡೀ ಲ್ಯಾಪ್‌ಟಾಪು ಕುಟ್ಟಿ, ಭಾನುವಾರ ಉಳಿ, ಅರ ಹಿಡಿದು ಮರ ಕೆತ್ತುವ ಹೊಸ ಹವ್ಯಾಸಿಗಳ ಗುಂಪಿನಲ್ಲಿ ನಾನೂ ಒಬ್ಬ. ಹಾಗಾಗಿ ಈ ಜಗಳ ಹೊರಗಿನವರ ಜೊತೆ ಅಲ್ಲ, ನಮ್ಮವರ ಜೊತೆಗೇ. ಒಂದು ಕೊಡಲಿ ಕಾವು ಮುಗಿಸಿದ ತಕ್ಷಣ ನಾವು ಹಾಕುವ ಫೋಟೋ ನೋಡಿ, ಅದರ ಕೆಳಗಿನ ಬರಹ ನೋಡಿ. ‘ಮೈಂಡ್‌ಫುಲ್‌ನೆಸ್’, ‘ಡಿಜಿಟಲ್ ಡಿಟಾಕ್ಸ್’, ‘ನನ್ನನ್ನು ನಾನು ಕಂಡುಕೊಂಡೆ’. ಕಾವಿನ ಬಗ್ಗೆ ಮಾತ್ರ ಒಂದಕ್ಷರ ಇರೋದಿಲ್ಲ. ಯಾವ ಮರ, ಎಳೆ ಹೇಗಿದೆ, ಎಷ್ಟು ದಿನ ಒಣಗಿಸಿದಿರಿ, ಅದರಲ್ಲಿ ಯಾರಾದರೂ ಸೌದೆ ಒಡೆದರಾ? ಊಹೂಂ. ಎಲ್ಲಾ ನಮ್ಮ ಮನಸ್ಸಿನ ಸಮಾಚಾರವೇ.

ಕಾವು ಅಂದರೆ ಬರೀ ಕೋಲು ಅಂದುಕೊಂಡವರಿಗೆ ಸ್ವಲ್ಪ ವಿವರ ಹೇಳ್ತೀನಿ. ಮರ ಗಟ್ಟಿಯಾಗಿದ್ದರೆ ಸಾಲದು, ಪೆಟ್ಟು ತಡೆದುಕೊಳ್ಳುವ ಹಾಗೆ ಒಂಚೂರು ಬಳುಕಬೇಕು. ಅದಕ್ಕೇ ಅಮೆರಿಕದವರು ಹಿಕರಿ ಹುಡುಕಿದ್ದು, ಇಂಗ್ಲೆಂಡಿನವರು ಆ್ಯಶ್ ಹುಡುಕಿದ್ದು. ನಮ್ಮಲ್ಲಿ ಕಾಡಿನ ಕಡೆ ತಡಸಲು, ಬಯಲುಸೀಮೆಯಲ್ಲಿ ಜಾಲಿ. ಮರದ ಎಳೆ ಕಾವಿನ ಉದ್ದಕ್ಕೂ ಹರಿದಿರಬೇಕು. ನಡುವೆ ಪಕ್ಕಕ್ಕೆ ತಿರುಗಿದ್ದರೆ ಒಂದು ದಿನ ಅಲ್ಲೇ ಸೀಳುತ್ತೆ. ಗರಗಸಕ್ಕೆ ಎಳೆಯ ಪರಿವೆ ಇಲ್ಲ. ಹಾಗಾಗಿ ಬಲ್ಲವರು ತುಂಡನ್ನು ಕೊಯ್ಯೋದಿಲ್ಲ, ಸೀಳ್ತಾರೆ. ಹಸಿಮರ ಕೆತ್ತಿ ಕೂರಿಸಿದರೆ ಒಣಗಿದ ಮೇಲೆ ಸೊರಗಿ, ಕೊಡಲಿ ಸಡಿಲ ಆಗುತ್ತೆ. ಸಡಿಲ ಆಯ್ತು ಅಂತ ನೀರಲ್ಲಿ ನೆನೆಸಿದರೆ ಆ ಹೊತ್ತಿಗೆ ಬಿಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬೀಸುವಾಗ ಕಳಚಿ ಹಾರಿದರೆ ಎದುರಿಗಿದ್ದವರ ಪ್ರಾಣಕ್ಕೇ ಕುತ್ತು. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನೋ ಗಾದೆ ಹುಟ್ಟಿದ್ದು ಬೇರೆ ಅರ್ಥಕ್ಕೆ, ಆದರೆ ಕೆಟ್ಟ ಕಾವಿನ ವಿಷಯದಲ್ಲಿ ಅದು ಹಾಗೇ ನಿಜ. ಇನ್ನು ‘ಕಬ್ಬಿಣದ ಪೈಪು ವೆಲ್ಡ್ ಮಾಡಿಸಿದರೆ ಆಯ್ತಲ್ಲ’ ಅನ್ನೋರೂ ಇದ್ದಾರೆ. ಮಾಡಿಸಬಹುದು. ಪೈಪು ಮುರಿಯಲ್ಲ, ಪೆಟ್ಟೆಲ್ಲಾ ಮಣಿಕಟ್ಟಿಗೆ ಬರುತ್ತೆ.

ಇಷ್ಟೆಲ್ಲಾ ಗೊತ್ತಿದ್ದವರು ಯಾರು? ಕಮ್ಮಾರರು ಕುಲುಮೆಯಲ್ಲಿ ಕೊಡಲಿ ತಟ್ಟಿ ಕೊಡ್ತಿದ್ದರು. ಕಾವನ್ನು ಬಹಳ ಕಡೆ ಬಳಸುವವರೇ ಹಾಕಿಕೊಳ್ತಿದ್ದರು: ಸೌದೆ ಒಡೆಯೋರು, ತೋಟದ ಆಳುಗಳು, ಹೊಲದ ಕೂಲಿಯವರು. ಎಲ್ಲರಿಗೂ ಬರುತ್ತಿದ್ದ ವಿದ್ಯೆ ಆದ್ದರಿಂದ ಅದಕ್ಕೊಂದು ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದ್ದರಿಂದ ಬೆಲೆ ಇಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ‘ಅಕುಶಲ ದೈಹಿಕ ಕೆಲಸ’ ಅಂದರೆ ಏನು ಅಂತ ವಿವರಿಸಿತ್ತು: ಯಾವ ಕೌಶಲವೂ, ವಿಶೇಷ ತರಬೇತಿಯೂ ಇಲ್ಲದೆ ಯಾವುದೇ ವಯಸ್ಕ ಮಾಡಬಹುದಾದ ಕೆಲಸ. ಆ ಕಾಯ್ದೆಯಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ಆ ಪದಕ್ಕೆ. ಗುದ್ದಲಿಗೆ, ಪಿಕಾಸಿಗೆ ತಾನೇ ಕಾವು ಹಾಕಿಕೊಂಡು ಕೆಲಸಕ್ಕೆ ಬಂದವನು ‘ಅಕುಶಲ’. ಅದೇ ಕೆಲಸವನ್ನು ದುಡ್ಡು ಕೊಟ್ಟು ವರ್ಕ್‌ಶಾಪಿನಲ್ಲಿ ಕಲಿತ ನಾನು ‘ಕ್ರಿಯೇಟಿವ್’!

ಹೋದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಅಡ್ಡಲಾಗಿ ಮರ ಬಿತ್ತು. ಕಡಿಯೋಕೆ ಇಬ್ಬರು ಬಂದರು. ಅಸೋಸಿಯೇಷನ್ನಿನ ಖಜಾಂಚಿ ಚೌಕಾಸಿಗೆ ನಿಂತರು. “ಎರಡು ಗಂಟೆ ಕೆಲಸಕ್ಕೆ ಇಷ್ಟಾ? ಇದರಲ್ಲಿ ಏನಪ್ಪಾ ಸ್ಕಿಲ್ಲು?” ಆ ಗಲಾಟೆಯ ನಡುವೆ ನಾನು ಒಬ್ಬರ ಕೊಡಲಿ ಇಸಕೊಂಡು ನೋಡಿದೆ. ಹಿಡಿಯೋ ಜಾಗದಲ್ಲಿ ಒಂದು ಕಡೆ ಮಾತ್ರ ಸಣ್ಣ ತಗ್ಗು. ಇದ್ಯಾಕೆ ಅಂತ ಕೇಳಿದೆ. “ಹೆಬ್ಬೆರಳು ಪೂರ್ತಿ ಮಡಚಲ್ಲ ಸಾರ್, ಹಳೇ ಏಟು. ಜಾರಬಾರದು ಅಂತ ಅಲ್ಲಿ ಕೆತ್ತಿದೀನಿ.” ಆಫೀಸಿನಲ್ಲಿ ಇದಕ್ಕೆ ಎರ್ಗನಾಮಿಕ್ಸ್ ಅಂತ ಹೆಸರು. ಕುರ್ಚಿ ಎತ್ತರ ಅಳೆಯೋಕೆ ಅದಕ್ಕೊಬ್ಬ ಕನ್ಸಲ್ಟೆಂಟ್ ಬರ್ತಾರೆ, ಅವರ ಹತ್ತಿರ ಯಾರೂ ಚೌಕಾಸಿ ಮಾಡಲ್ಲ.

ಕಾವು ಕೆತ್ತೋದು ಬಿಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಕೆತ್ತಿ. ಅಗಸೆ ಎಣ್ಣೆ ಹಚ್ಚಿ ಮಿಂಚಿಸಿ, ಮನಸ್ಸಿಗೆ ಖುಷಿಯಾದರೆ ಆಗಲಿ. ಆದರೆ ಗೋಡೆಗೆ ನೇತುಹಾಕಬೇಡಿ. ದಿನಾ ಕೊಡಲಿ ಹಿಡಿಯೋರ ಕೈಗೆ ಕೊಡಿ, ಅವರು ಹೇಳಿದ್ದನ್ನು ಕೇಳಿ, ಸರಿಯಿಲ್ಲ ಅಂದರೆ ಇನ್ನೊಂದು ಕೆತ್ತಿ. ನಾಲ್ಕು ಸಾಲು ಕೋಡ್ ಬರೆದರೂ ಇನ್ನೊಬ್ಬರ ರಿವ್ಯೂ ಬೇಕು ಅನ್ನೋ ನಮಗೆ ಇಲ್ಲಿ ಬರೀ ಲೈಕು ಹೇಗೆ ಸಾಕಾಗುತ್ತೆ? ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೂ ‘ಇದರಲ್ಲಿ ಏನು ಸ್ಕಿಲ್ಲು’ ಅನ್ನೋ ಮಾತು ಕೇಳಿ ಸುಮ್ಮನೆ ನಿಲ್ಲೋದಾದರೆ, ನಾವು ಕಲಿತದ್ದಾದರೂ ಏನು?

ಆ ದಿನ ನಾನು ಬಾಯಿಬಿಟ್ಟೆ. ಒಂದಿಷ್ಟು ವಾದ ಆಗಿ, ಅವರು ಕೇಳಿದಷ್ಟು ಕೊಟ್ಟಿದ್ದಾಯ್ತು. ಆದರೆ ಅಸೋಸಿಯೇಷನ್ ಲೆಕ್ಕದ ಪುಸ್ತಕದಲ್ಲಿ ಆ ಖರ್ಚಿನ ಎದುರು ‘ಅನ್‌ಸ್ಕಿಲ್ಡ್ ಲೇಬರ್’ ಅಂತಲೇ ಬರೆದಿದೆ. ಮುಂದಿನ ಸಭೆಯಲ್ಲಿ ಅದನ್ನು ಹೊಡೆದುಹಾಕಿಸಿ ‘ಮರ ಕಡಿದವರ ಕೂಲಿ’ ಅಂತ ಬರೆಸೋಕೆ ಕೇಳ್ತೀನಿ. ನಿಮ್ಮ ಅಪಾರ್ಟ್‌ಮೆಂಟಿನ ಪುಸ್ತಕವನ್ನೂ ಒಂದ್ಸಲ ತೆಗೆದು ನೋಡಿ.